ಲೂಯಿ ಪಾಶ್ಚರ್: ಹುದುಗುವಿಕೆಯಲ್ಲಿ ಜೀವವನ್ನು ಕಂಡ ವಿಜ್ಞಾನಿ

ನಾನು ನೆಲೆಸಿರುವ ಸಿಯಾಟಲ್ ಪ್ರದೇಶದಲ್ಲಿ ಕಾಫಿ, ಬಿಯರ್ ಎರಡಕ್ಕೂ ‘ಬ್ರೂಯಿಂಗ್’ ಎಂಬ ಒಂದೇ ಪದ ಬಳಕೆಯಲ್ಲಿದೆ. ಆದರೆ ಇವೆರಡರ ನಡುವಿನ ಅಂತರ ದೊಡ್ಡದು. ಬಿಸಿನೀರು ಪುಡಿಯ ಸಾರವನ್ನು ಸೆಳೆದೊಡನೆ ಕಾಫಿಯ ಡಿಕಾಕ್ಷನ್ ಸಿದ್ಧವಾಗುತ್ತದೆ. ಬಿಯರಿಗಾದರೋ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಸಿಹಿರಸ ತೆಗೆದು, ಇಲ್ಲಿನ ಯಾಕಿಮಾ ಕಣಿವೆಯಲ್ಲಿ ಹೇರಳವಾಗಿ ಬೆಳೆಯುವ ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಬೇಕು. ಅಲ್ಲಿಯವರೆಗಿನದು ಮನುಷ್ಯನ ಕೆಲಸ. ಅನಂತರದ ಹುದುಗುವಿಕೆ ಸೂಕ್ಷ್ಮಜೀವಿಗಳದು. ಇಡ್ಲಿಯ ಹಿಟ್ಟು ಉಬ್ಬುವುದೂ ಹಾಲು ಹೆಪ್ಪುಗಟ್ಟಿ ಮೊಸರಾಗುವುದೂ ಹುದುಗುವಿಕೆಯೇ. ಇದು ಜೀವಿಗಳ ಕಾರ್ಯವೆಂದು ಸಾಧಿಸಿ ತೋರಿಸಿದವರು ಲೂಯಿ ಪಾಶ್ಚರ್.

1822ರ ಡಿಸೆಂಬರ್ 27ರಂದು ಫ್ರಾನ್ಸಿನ ಡೋಲ್ ಪಟ್ಟಣದಲ್ಲಿ, ಚರ್ಮ ಹದಮಾಡುವವರ ಮನೆಯಲ್ಲಿ ಅವರು ಜನಿಸಿದರು. ಓದಿದ್ದು ರಸಾಯನಶಾಸ್ತ್ರ. 1854ರಲ್ಲಿ ಲೀಲ್ ನಗರದಲ್ಲಿ ಪ್ರಾಧ್ಯಾಪಕರಾದರು. ಎರಡು ವರ್ಷಗಳ ಬಳಿಕ, ಬೀಟ್ ಗೆಡ್ಡೆಯಿಂದ ಮದ್ಯಸಾರ ತಯಾರಿಸುತ್ತಿದ್ದ ಉದ್ಯಮಿಯೊಬ್ಬರು ತಮ್ಮ ತೊಟ್ಟಿಗಳು ಕೆಡುತ್ತಿರುವುದಕ್ಕೆ ಕಾರಣ ಹುಡುಕಿಕೊಡಬೇಕೆಂದು ಅವರ ಬಳಿ ಬಂದರು. ಚೆನ್ನಾಗಿ ಹುದುಗಿದ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳೂ ಹುಳಿಯಾದ ರಸದಲ್ಲಿ ಅವುಗಳಿಗಿಂತ ಬಹಳ ಚಿಕ್ಕವಾದ ಬೇರೆ ಜೀವಿಗಳೂ ಸೂಕ್ಷ್ಮದರ್ಶಕದಲ್ಲಿ ಕಂಡವು. ಹುದುಗುವಿಕೆ ಕೇವಲ ರಾಸಾಯನಿಕ ಕೊಳೆಯುವಿಕೆಯೆಂದು ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಲೀಬಿಗ್ ಸಾರುತ್ತಿದ್ದ ಕಾಲವದು. 1857ರಲ್ಲಿ ಪಾಶ್ಚರ್, ಹಾಲಿನ ಹುಳಿಗೂ ತನ್ನದೇ ಆದ ಜೀವಿಯೊಂದು ಕಾರಣವೆಂದು ಪ್ರಕಟಿಸಿದರು. ಮುಂದೆ, ದ್ರಾಕ್ಷಾರಸವನ್ನು ಕುದಿಯದಂತೆ ಹದವಾಗಿ ಕಾಯಿಸಿ ಕೆಡದಂತೆ ಉಳಿಸುವ ವಿಧಾನವನ್ನು ರೂಪಿಸಿದರು. ಪಾಶ್ಚರೀಕರಣವೆಂದು ಹೆಸರಾದ ಈ ಕ್ರಮವೇ ಇಂದು ನಮ್ಮ ಮನೆಗಳಿಗೆ ಬರುವ ಹಾಲನ್ನು ಕಾಯುತ್ತಿದೆ.

ರಸಗಳು ರೋಗಗ್ರಸ್ತವಾಗುವುದಾದರೆ ಮನುಷ್ಯದೇಹವೂ ಹಾಗೆಯೇ ಆಗಬಾರದೇಕೆ? ಈ ಪ್ರಶ್ನೆ ಅವರ ಮನೆಯನ್ನೂ ತಟ್ಟಿತ್ತು. 1859ರಿಂದ 1866ರೊಳಗೆ ಮೂವರು ಹೆಣ್ಣುಮಕ್ಕಳನ್ನು ಅವರು ಕಳೆದುಕೊಂಡರು. ಇಬ್ಬರನ್ನು ಬಲಿತೆಗೆದುಕೊಂಡದ್ದು ವಿಷಮಶೀತಜ್ವರ. 1868ರಲ್ಲಿ ಪಾರ್ಶ್ವವಾಯು ಅವರ ಎಡಭಾಗವನ್ನು ಕುಗ್ಗಿಸಿತು. ಆದರೂ ಕೆಲಸ ನಿಲ್ಲಲಿಲ್ಲ. ಬಿಯರ್ ಕೆಡುವುದಕ್ಕೆ ಪರಜೀವಿಗಳ ಬೆರಕೆಯೇ ಕಾರಣವೆಂಬ ಅವರ ಗ್ರಂಥ 1876ರಲ್ಲಿ ಹೊರಬಂದಿತು. ಅಷ್ಟರಲ್ಲಾಗಲೇ ಅವರ ಶೋಧವನ್ನು ಆಧರಿಸಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯ ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ಶುಚಿಗೊಳಿಸತೊಡಗಿದ್ದರು. ವೈದ್ಯರಲ್ಲದ ಪಾಶ್ಚರರೇ 1885ರಲ್ಲಿ, ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಡಿಸಿದರು, ಬಾಲಕ ಬದುಕುಳಿದ. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅವರ ಹೆಸರಿನ ಸಂಸ್ಥೆ ಆರಂಭವಾಗಿ, ದಕ್ಷಿಣ ಭಾರತಕ್ಕೆ ಆ ಲಸಿಕೆಯನ್ನು ಒದಗಿಸಿತು.

1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ನಿಧನರಾದರು. ಎರಡೇ ವರ್ಷಗಳಲ್ಲಿ ಬುಖ್ನರ್ ಎಂಬ ವಿಜ್ಞಾನಿ, ಜೀವಕೋಶಗಳಿಲ್ಲದ ಯೀಸ್ಟ್ ರಸವೂ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿದರು. ಹುದುಗಿಸುವವು ಕಿಣ್ವಗಳು, ಅವುಗಳನ್ನು ತಯಾರಿಸುವುದು ಮಾತ್ರ ಜೀವಕೋಶವೇ. ಲೀಬಿಗರ ವಾದದಲ್ಲಿಯೂ ಸತ್ಯದ ಒಂದಂಶವಿದ್ದಿತು.

ಸಿಯಾಟಲಿನ ಚಳಿಗಾಲದಲ್ಲಿ ಇಡ್ಲಿಯ ಹಿಟ್ಟನ್ನು ದೀಪ ಹೊತ್ತಿಸಿದ ಓವನ್ನಿನಲ್ಲಿ ಬೆಚ್ಚಗಿಡುವ ನಮ್ಮ ಮನೆಗಳೂ ಆ ಜೀವಿಗಳನ್ನೇ ಸಾಕುತ್ತಿವೆ. ರೋಗಿಯನ್ನು ಮುಟ್ಟುವ ಮುನ್ನ ಕೈ ತೊಳೆಯುವಾಗ ನಾನು ದೂರವಿಡಬಯಸುವುದು ಅವುಗಳ ಬಂಧುಗಳನ್ನು.