ವೇಗದ ಉಪಾಸಕ ಬರ್ಟ್ ಮನ್ರೊ

ಕಾವ್ಯಪಾಠ ಹೇಳುವ ನನಗೂ ಯಂತ್ರವಿದ್ಯೆಗೂ ಬಹು ದೂರ. ಆದರೂ ಬರ್ಟ್ ಮನ್ರೊನ ಜೀವನವೃತ್ತಾಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದೆ. ಒಂದೇ ಕೃತಿಯನ್ನು ಬಾಳಿನುದ್ದಕ್ಕೂ ತಿದ್ದುತ್ತ ಹೋದ ಇಂಥವರು ಸಾಹಿತಿಗಳಲ್ಲಿಯೂ ವಿರಳ.

ಮನ್ರೊ ಜನಿಸಿದ್ದು 1899ರಲ್ಲಿ, ನ್ಯೂಜಿಲೆಂಡಿನ ದಕ್ಷಿಣದಂಚಿನ ಇನ್ವರ್‌ಕಾರ್ಗಿಲ್‌ನಲ್ಲಿ. 1920ರಲ್ಲಿ ಆತನು ‘ಇಂಡಿಯನ್ ಸ್ಕೌಟ್’ ಎಂಬ ಮೋಟಾರ್ ಸೈಕಲನ್ನು ಕೊಂಡನು. ಹೆಸರು ಕೇಳಿ ನಮ್ಮ ದೇಶದ್ದೆಂದು ವಾಚಕರು ಭ್ರಮಿಸಬೇಕಾಗಿಲ್ಲ. ಅದು ಅಮೆರಿಕದಲ್ಲಿ ತಯಾರಾದದ್ದು. 600 ಸಿ.ಸಿ. ಯಂತ್ರ, ಗಂಟೆಗೆ 55 ಮೈಲಿಯೇ ಅದರ ವೇಗದ ಪರಮಾವಧಿ.

ಮನ್ರೊ ಹಣವಂತನಲ್ಲ. ಹಗಲೆಲ್ಲ ಹೊಟ್ಟೆಪಾಡಿನ ದುಡಿಮೆ, ರಾತ್ರಿಯೆಲ್ಲ ಯಂತ್ರಸೇವೆ. ಹಳೆಯ ಡಬ್ಬಿಗಳನ್ನೇ ಅಚ್ಚು ಮಾಡಿಕೊಂಡು ಪಿಸ್ಟನ್‌ಗಳನ್ನು ಎರಕ ಹೊಯ್ದನು; ಚಕ್ರದ ಹಳೆಯ ಕಡ್ಡಿಯೊಂದೇ ಅವನ ಅಳತೆಗೋಲು. ಟ್ರ್ಯಾಕ್ಟರಿನ ಅಚ್ಚಿನಿಂದ ಕನೆಕ್ಟಿಂಗ್ ರಾಡುಗಳನ್ನು ಕೈಯಾರೆ ಕಡೆದನು. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಮಾರ್ಪಡಿಸುವುದು ಈ ರಾಡು. ಯಂತ್ರದ ಸುತ್ತು ಇಮ್ಮಡಿಯಾದರೆ ಅದರ ಮೇಲಿನ ಜಗ್ಗಾಟ ನಾಲ್ಕು ಮಡಿಯಾಗುತ್ತದೆ. ಅದನ್ನು ಹೊರುವ ಬೇರಿಂಗಿಗೆ ಎಣ್ಣೆಯ ತೆಳುಪದರವೇ ರಕ್ಷೆ. ಅದು ತಪ್ಪಿದರೆ ಲೋಹ ಲೋಹವನ್ನು ಕಚ್ಚುತ್ತದೆ. ಆದುದರಿಂದಲೇ ಮನ್ರೊನ ಯಂತ್ರ ಮತ್ತೆ ಮತ್ತೆ ಒಡೆಯಿತು. ಪ್ರತಿ ಸಲವೂ ಆತನು ಬಿಚ್ಚಿ, ಹೊಸತು ಮಾಡಿ, ಮರಳಿ ಜೋಡಿಸಿದನು. ಮುರಿದ ಭಾಗಗಳನ್ನು ಎಸೆಯಲಿಲ್ಲ. ಹಲಗೆಯ ಮೇಲೆ ಸಾಲಾಗಿರಿಸಿ, ವೇಗದೇವತೆಗೆ ಅರ್ಪಿಸಿದ ನೈವೇದ್ಯವೆಂದು ಬರೆದಿಟ್ಟನು.

ಈ ಉಪಾಸನೆಗೆ ಬೆಲೆಯೂ ಉಂಟು. 1940ರ ದಶಕದ ಕೊನೆಯ ವೇಳೆಗೆ ದಾಂಪತ್ಯ ಮುರಿಯಿತು. ಕೆಲಸವನ್ನೂ ಬಿಟ್ಟು ಆತನು ತನ್ನ ಶೆಡ್ಡಿನಲ್ಲೇ ವಾಸಿಸತೊಡಗಿದನು. ಆ ಮನೆಯವರ ನಷ್ಟವನ್ನು ಯಾವ ದಾಖಲೆಯೂ ತುಂಬಿಕೊಡಲಾರದು. ತಪಸ್ಸನ್ನು ಹೊಗಳುವಾಗ ಅದನ್ನು ಸಹಿಸಿದವರನ್ನೂ ನೆನೆಯುವುದು ನ್ಯಾಯವೆಂದು ನನಗೆ ತೋರುತ್ತದೆ.

ಫಲವು ಮುಪ್ಪಿನಲ್ಲಿ ಕೈಗೂಡಿತು. ಅಮೆರಿಕದ ಯೂಟಾ ಸಂಸ್ಥಾನದ ಬಾನ್ವಿಲ್ ಉಪ್ಪುಬಯಲಿನಲ್ಲಿ 1962, 1966 ಮತ್ತು 1967ರಲ್ಲಿ ಆತನು ತನ್ನ ವರ್ಗದ ದಾಖಲೆಗಳನ್ನು ಸ್ಥಾಪಿಸಿದನು. ಕೊನೆಯದರ ಸರಾಸರಿ ವೇಗ ಗಂಟೆಗೆ 183.59 ಮೈಲಿ ಎಂದು ನಮೂದಾಯಿತು. ಆಗ ಸವಾರನಿಗೆ 68 ವರ್ಷ, ವಾಹನಕ್ಕೆ 47. ಯಂತ್ರದ ಗಾತ್ರವೂ 950 ಸಿ.ಸಿ.ಗೆ ಬೆಳೆದಿತ್ತು.

ಮನ್ರೊ 1978ರಲ್ಲಿ ತೀರಿಕೊಂಡನು. 2014ರಲ್ಲಿ, ಹಳೆಯ ಲೆಕ್ಕದಲ್ಲಿದ್ದ ದೋಷವನ್ನು ಆತನ ಮಗ ಗುರುತಿಸಲು, ಆ ಅಂಕಿ 184.087 ಎಂದು ತಿದ್ದಲ್ಪಟ್ಟಿತು. ಬಾಳೆಲ್ಲ ತಿದ್ದಿದವನಿಗೆ ಸಾವಿನ 36 ವರ್ಷಗಳ ಮೇಲೆ ಮಗನ ಕೈಯಿಂದ ಸಂದದ್ದೂ ಒಂದು ತಿದ್ದುಪಡಿಯೇ.