ಹನ್ನೆರಡರಲ್ಲಿ ಒಂದು ಪಾಲಿನ ಸತ್ಯ: ಫ್ರಾನ್ಸಿಸ್ ಗ್ಲೆಸ್ನರ್ ಲೀ

ಹೋದ ಸೆಮಿಸ್ಟರ್ ಎಕ್ಸ್‌ಪೋಗೆ ನಾವು ನಾಲ್ಕು ಜನ ಸೇರಿ ಮಳೆನೀರು ಕೊಯ್ಲಿನ ಒಂದು ಮನೆ ಮಾಡೆಲ್ ಮಾಡಿದ್ವಿ. ಸ್ಕೇಲ್ 1:20 ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ವಿ. ಪೈಪಿಗೆ ಜ್ಯೂಸ್ ಸ್ಟ್ರಾ, ಗೋಡೆಗೆ ಫೋಮ್ ಬೋರ್ಡ್, ಪೇಂಟ್ ಮಾಡೋಕೆ ಸ್ಟೇಷನರಿ ಅಂಗಡಿಯಲ್ಲಿ ಪ್ಯಾಕೆಟ್ಟಿಗೆ ಆರರಂತೆ ಸಿಗೋ ಬ್ರಷ್. ಅಂದು ಬಂದಿದ್ದ ತೀರ್ಪುಗಾರರು ಒಂದು ಸ್ಕೇಲ್ ತಗೊಂಡು ಸ್ಟ್ರಾ ಅಳೆದರು. 6 ಮಿಲಿಮೀಟರ್. ಅಂದ್ರೆ ನಿಜವಾದ ಮನೆಯಲ್ಲಿ 12 ಸೆಂಟಿಮೀಟರ್ ದಪ್ಪದ ಪೈಪು, ಅದೂ ಅಡುಗೆಮನೆ ನಲ್ಲಿಗೆ! ಆಮೇಲೆ ಚಾವಣಿ ಮೇಲೆ ಪೇಂಟಿಗೆ ಅಂಟಿಕೊಂಡಿದ್ದ ಒಂದು ಕಪ್ಪು ಎಳೆ ತೋರಿಸಿ, ಇದು ಯಾವ ಕೇಬಲ್ ಅಂತ ಕೇಳಿದರು. ಅದು ನಮ್ಮ ಬ್ರಷ್ಷಿನಿಂದ ಉದುರಿದ ಕೂದಲು.

ನಮಗೆ ಬಹುಮಾನ ಬರಲಿಲ್ಲ ಅನ್ನೋದು ಬೇರೆ ಮಾತು. ಮಾಡೆಲ್ ಅಂದ್ರೆ ಚೆಂದ ಕಂಡ್ರೆ ಸಾಕು ಅಂತ ನಾವು ನಂಬಿದ್ವಲ್ಲ, ಆ ನಂಬಿಕೆ ಅವತ್ತು ಮುರಿದುಬಿತ್ತು. ಮುಂದಿನ ಸಲ ಸರಿಯಾಗಿ ಮಾಡೋಣ, ಯಾವ ಟೂಲ್ ಬೇಕು, ಯಾವ ಬ್ರಷ್ ಬೇಕು ಅಂತ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದ್ದು ಒಬ್ಬ ಅಜ್ಜಿ. ಹೆಸರು ಫ್ರಾನ್ಸಿಸ್ ಗ್ಲೆಸ್ನರ್ ಲೀ. ಅವರು ಗೊಂಬೆಮನೆಗಳನ್ನ ಕಟ್ಟಿ ಪೊಲೀಸರಿಗೆ ಕೊಲೆ ತನಿಖೆ ಕಲಿಸಿದವರು.

ಫ್ರಾನ್ಸಿಸ್ ಹುಟ್ಟಿದ್ದು 1878ರ ಮಾರ್ಚ್ 25ರಂದು, ಅಮೆರಿಕದ ಶಿಕಾಗೋದಲ್ಲಿ. ಅಪ್ಪ ಜಾನ್ ಜೇಕಬ್ ಗ್ಲೆಸ್ನರ್ ಕೃಷಿ ಯಂತ್ರಗಳ ದೊಡ್ಡ ಉದ್ಯಮಿ. ಅವರ ಮನೆಯನ್ನ ಡಿಸೈನ್ ಮಾಡಿದ್ದು ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅನ್ನೋ ಪ್ರಸಿದ್ಧ ವಾಸ್ತುಶಿಲ್ಪಿ. 1887ರಲ್ಲಿ ಮುಗಿದ ಆ ಕಲ್ಲಿನ ಮನೆ ಇವತ್ತಿಗೂ ಪ್ರೇರಿ ಅವೆನ್ಯೂನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ದುಡ್ಡಿಗೆ ಕೊರತೆ ಇರಲಿಲ್ಲ. ಮಕ್ಕಳಿಗೆ ಮನೆಗೇ ಮೇಷ್ಟ್ರುಗಳು ಬರ್ತಿದ್ರು. ಅಮ್ಮ ಹೊಲಿಗೆ, ಹೆಣಿಗೆ, ಬೆಳ್ಳಿ ಕೆಲಸ ಎಲ್ಲದರಲ್ಲೂ ಕೈ ಪಳಗಿದವರು. ಮಗಳಿಗೂ ಕೈಕೆಲಸ ಅಲ್ಲಿಂದಲೇ ಬಂತು.

ಅಣ್ಣ ಜಾರ್ಜ್ ಹಾರ್ವರ್ಡಿಗೆ ಓದೋಕೆ ಹೋದ. ತಂಗಿ ಯಾವ ಕಾಲೇಜಿಗೂ ಹೋಗಲಿಲ್ಲ. ಆ ಕಾಲದ ಶ್ರೀಮಂತ ಮನೆಗಳಲ್ಲಿ ಹೆಣ್ಣುಮಕ್ಕಳ ಲೆಕ್ಕ ಬೇರೆ. 1898ರಲ್ಲಿ, ಈಗ ನಮಗಿರೋ 19ನೇ ವಯಸ್ಸಿನಲ್ಲಿ, ಬ್ಲೂವೆಟ್ ಲೀ ಅನ್ನೋ ವಕೀಲರ ಜೊತೆ ಮದುವೆ ಆಯ್ತು. ಮೂರು ಮಕ್ಕಳಾದವು. ಸಂಸಾರ ಹೊಂದಲಿಲ್ಲ, 1914ರಲ್ಲಿ ವಿಚ್ಛೇದನವಾಯ್ತು.

ಅವರ ಮೊದಲ ದೊಡ್ಡ ಮಾಡೆಲ್ ಬಂದಿದ್ದು ಇದೇ ಕಾಲದಲ್ಲಿ. ಅಪ್ಪ ಅಮ್ಮ ಇಬ್ಬರೂ ಶಿಕಾಗೋ ಸಿಂಫನಿ ಆರ್ಕೆಸ್ಟ್ರಾದ ಪೋಷಕರು. 1913ರಲ್ಲಿ ಅಮ್ಮನ ಹುಟ್ಟುಹಬ್ಬಕ್ಕೆ ಫ್ರಾನ್ಸಿಸ್ ಇಡೀ ಆರ್ಕೆಸ್ಟ್ರಾವನ್ನೇ ಪುಟ್ಟದಾಗಿ ಮಾಡಿಕೊಟ್ಟರು. 90 ಜನ ಕಲಾವಿದರು, ಒಬ್ಬೊಬ್ಬರ ಕೈಯಲ್ಲಿ ಅವರವರ ವಾದ್ಯ, ಮುಂದೆ ಸ್ವರಲಿಪಿಯ ಹಾಳೆ. ಗೊಂಬೆಗಳಿಗೆ ಮೀಸೆ ಗಡ್ಡ ಅಂಟಿಸಿ ನಿಜವಾದ ಕಲಾವಿದರ ಹೋಲಿಕೆ ಬರೋ ಹಾಗೆ ಮಾಡಿದ್ದರು. ಸ್ಕೇಲ್ ಒಂದು ಅಡಿಗೆ ಒಂದು ಇಂಚು, ಅಂದ್ರೆ 1:12. ಈ ಸ್ಕೇಲನ್ನ ಅವರು ಮುಂದೆಯೂ ಬಿಡಲಿಲ್ಲ.

ಇಲ್ಲಿಗೆ ನಿಂತಿದ್ದರೆ ಇದು ಶ್ರೀಮಂತರ ಹವ್ಯಾಸ ಅಷ್ಟೇ ಆಗಿರ್ತಿತ್ತು. ಕಥೆ ತಿರುಗಿದ್ದು ಜಾರ್ಜ್‌ನ ಹಾರ್ವರ್ಡ್ ಗೆಳೆಯ ಡಾಕ್ಟರ್ ಜಾರ್ಜ್ ಬರ್ಜೆಸ್ ಮಗ್ರಾತ್ ಅವರಿಂದ. ಅವರು ಬೋಸ್ಟನ್ನಿನಲ್ಲಿ ಮೆಡಿಕಲ್ ಎಕ್ಸಾಮಿನರ್, ಅನುಮಾನಾಸ್ಪದ ಸಾವುಗಳ ಕಾರಣ ಹುಡುಕೋ ಕೆಲಸ. ಅಮೆರಿಕದ ಬಹಳ ಕಡೆ ಆಗ ಈ ಕೆಲಸ ಮಾಡ್ತಿದ್ದವರು ಕೊರೋನರ್‌ಗಳು. ಎಷ್ಟೋ ಊರಲ್ಲಿ ಅವರು ಚುನಾವಣೆಯಲ್ಲಿ ಗೆದ್ದು ಬಂದವರು, ಡಾಕ್ಟರೇ ಆಗಿರಬೇಕು ಅಂತ ಏನಿಲ್ಲ. ಪೊಲೀಸರೂ ಅಷ್ಟೇ. ಗೊತ್ತಿಲ್ಲದೆ ರಕ್ತ ತುಳಿದು ಓಡಾಡೋದು, ಹೆಣ ಸರಿಸೋದು, ಸಾಕ್ಷಿ ಮುಟ್ಟೋದು. ಹೀಗಾಗಿ ಕೊಲೆ ಆತ್ಮಹತ್ಯೆ ಅಂತ ಮುಚ್ಚಿಹೋಗಬಹುದು, ಏನೂ ಮಾಡದವನು ಜೈಲಿಗೆ ಹೋಗಬಹುದು. ಮಗ್ರಾತ್ ಹೇಳ್ತಿದ್ದ ಈ ಕೇಸುಗಳನ್ನ ಕೇಳಿ ಫ್ರಾನ್ಸಿಸ್‌ಗೆ ತಮ್ಮ ಕೆಲಸ ಯಾವುದು ಅಂತ ಗೊತ್ತಾಯ್ತು. ಆಗ ಅವರಿಗೆ ವಯಸ್ಸು 50 ದಾಟಿತ್ತು.

1931ರಲ್ಲಿ ಅವರ ದುಡ್ಡಿನಿಂದ ಹಾರ್ವರ್ಡಿನಲ್ಲಿ ಲೀಗಲ್ ಮೆಡಿಸಿನ್ ಕಲಿಸೋ ವ್ಯವಸ್ಥೆ ಶುರುವಾಯ್ತು. 1934ರಲ್ಲಿ ಮಗ್ರಾತ್ ಹೆಸರಿನಲ್ಲಿ ಲೈಬ್ರರಿ ಕೊಟ್ಟರು. 1936ರಲ್ಲಿ 2,50,000 ಡಾಲರ್ ಕೊಟ್ಟರು. ಒಂದು ವಿಷಯ ಗಮನಿಸಿ. ಹಾರ್ವರ್ಡ್ ಮೆಡಿಕಲ್ ಸ್ಕೂಲು ಹೆಣ್ಣುಮಕ್ಕಳನ್ನ ವಿದ್ಯಾರ್ಥಿಗಳಾಗಿ ಸೇರಿಸಿಕೊಂಡಿದ್ದು 1945ರಲ್ಲಿ. ಅಂದ್ರೆ ತಾವೇ ದುಡ್ಡು ಕೊಟ್ಟು ಕಟ್ಟಿಸಿದ ಡಿಪಾರ್ಟ್‌ಮೆಂಟಿನಲ್ಲಿ ಅವರಿಗೆ ಅಡ್ಮಿಷನ್ ಸಿಗ್ತಿರಲಿಲ್ಲ. ನಾವು ಇದನ್ನ ಓದಿದಾಗ ನಮ್ಮ ಗುಂಪಿನ ಇಬ್ಬರು ಹುಡುಗಿಯರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಡಿಪಾರ್ಟ್‌ಮೆಂಟ್ ಆಯ್ತು, ಆದರೆ ಪೊಲೀಸರಿಗೆ ಕಲಿಸೋದು ಹೇಗೆ? ಪಾಠ ಮಾಡಿದರೆ ಕಣ್ಣಿಗೆ ಅಭ್ಯಾಸ ಆಗಲ್ಲ. ನಿಜವಾದ ಕೊಲೆ ನಡೆದ ಜಾಗಕ್ಕೆ ಕ್ಲಾಸಿನ ಮಕ್ಕಳನ್ನ ಕರ್ಕೊಂಡು ಹೋಗೋಕೂ ಆಗಲ್ಲ. ಹಾಗಾದ್ರೆ ಆ ಜಾಗವನ್ನೇ ಕ್ಲಾಸಿಗೆ ತರೋಣ ಅಂತ ಅವರು ಯೋಚಿಸಿದರು. ನ್ಯೂ ಹ್ಯಾಂಪ್‌ಶೈರಿನಲ್ಲಿ ಅವರ ಕುಟುಂಬದ ಎಸ್ಟೇಟ್ ಇತ್ತು, ಹೆಸರು ದಿ ರಾಕ್ಸ್. ಅಲ್ಲಿ ರಾಲ್ಫ್ ಮೋಷರ್ ಅನ್ನೋ ಬಡಗಿಯ ಜೊತೆ ಸೇರಿ 1940ರ ದಶಕದಲ್ಲಿ ಮಾಡೆಲ್‌ಗಳನ್ನ ಕಟ್ಟೋಕೆ ಕೂತರು. ಅವಕ್ಕೆ ಕೊಟ್ಟ ಹೆಸರು ನಟ್‌ಶೆಲ್ ಸ್ಟಡೀಸ್ ಆಫ್ ಅನ್‌ಎಕ್ಸ್‌ಪ್ಲೇನ್ಡ್ ಡೆತ್. ತಪ್ಪಿತಸ್ಥನನ್ನ ಹಿಡಿ, ನಿರಪರಾಧಿಯನ್ನ ಬಿಡಿಸು, ಸತ್ಯವನ್ನ ಚಿಪ್ಪಿನೊಳಗೆ ಹುಡುಕು ಅನ್ನೋ ಅರ್ಥದ ಪೊಲೀಸರ ಮಾತೊಂದರಿಂದ ಈ ಹೆಸರು ಬಂದಿದ್ದು.

ಈಗ ನಮ್ಮ ವಿಷಯಕ್ಕೆ ಬರೋಣ, ಟೂಲ್ಸ್. 1:12ರಲ್ಲಿ ಆರು ಅಡಿ ಮನುಷ್ಯ ಆರು ಇಂಚು. ಕಾಲುಚೀಲ ಹೆಣೆಯಬೇಕು ಅಂದ್ರೆ ಮಾಮೂಲಿ ಹೆಣಿಗೆ ಕಡ್ಡಿಯಲ್ಲಿ ಆಗೋದೇ ಇಲ್ಲ. ಫ್ರಾನ್ಸಿಸ್ ಗುಂಡುಪಿನ್ನುಗಳನ್ನೇ ಕಡ್ಡಿ ಮಾಡಿಕೊಂಡು ಗೊಂಬೆಗಳ ಕಾಲುಚೀಲ ಹೆಣೆದರು. ಪುಟ್ಟ ಸಿಗರೇಟಿನೊಳಗೆ ನಿಜವಾದ ತಂಬಾಕು ತುಂಬಿ ಸುತ್ತಿದರು. ಪುಟ್ಟ ಪೆನ್ಸಿಲ್‌ನಲ್ಲಿ ಬರೆಯಬಹುದಿತ್ತು, ಪುಟ್ಟ ಇಲಿಬೋನು ನಿಜವಾಗಿ ಮುಚ್ಚಿಕೊಳ್ತಿತ್ತು. ಕಿಟಕಿ ಪರದೆ ಎಳೆದರೆ ಇಳೀತಿತ್ತು, ಬಲ್ಬು ಉರೀತಿತ್ತು. ಸುಟ್ಟ ಮನೆಯ ಒಂದು ಮಾಡೆಲ್ ಇದೆ. ಅದಕ್ಕೆ ಕಪ್ಪು ಪೇಂಟ್ ಹೊಡೆಯಲಿಲ್ಲ. ಮೊದಲು ಪೂರ್ತಿ ಮನೆ ಕಟ್ಟಿ, ಆಮೇಲೆ ಬ್ಲೋಟಾರ್ಚ್ ಹಿಡಿದು ಸುಟ್ಟರು. ವರ್ಷಕ್ಕೆ ಸುಮಾರು ಮೂರು ಮಾಡೆಲ್ ಆಗ್ತಿದ್ದವು. ಒಂದೊಂದಕ್ಕೂ ಆ ಕಾಲದಲ್ಲಿ ಒಂದು ನಿಜವಾದ ಮನೆ ಕಟ್ಟುವಷ್ಟು ಖರ್ಚು ಆಗ್ತಿತ್ತು ಅಂತ ಹೇಳ್ತಾರೆ.

ಇಷ್ಟು ಹಠ ಯಾಕೆ ಬೇಕಿತ್ತು? ನಾವು ಲೆಕ್ಕ ಹಾಕಿ ನೋಡಿದ್ವಿ. 1:12ರಲ್ಲಿ ಬ್ರಷ್ ಜಾರಿ 2 ಮಿಲಿಮೀಟರ್ ಕೆಂಪು ಚುಕ್ಕೆ ಬಿತ್ತು ಅನ್ಕೊಳ್ಳಿ. ನೋಡೋ ಪೊಲೀಸನಿಗೆ ಅದು 24 ಮಿಲಿಮೀಟರ್ ಅಗಲದ ರಕ್ತದ ಕಲೆ, ಹತ್ತಿರ ಹತ್ತಿರ ಒಂದು ಇಂಚು. ಒಂದು ಕೂದಲಿನ ದಪ್ಪ 0.08 ಮಿಲಿಮೀಟರ್ ಅಂದ್ರೆ, ಮಾಡೆಲ್‌ನಲ್ಲಿ ಅದು 1 ಮಿಲಿಮೀಟರ್ ದಪ್ಪದ ದಾರ. ಅಂದ್ರೆ ಮಾಡುವವರ ಕೈ ತಪ್ಪಿದರೆ ಅಲ್ಲೊಂದು ಸುಳ್ಳು ಸಾಕ್ಷಿ ಹುಟ್ಟುತ್ತೆ! ನಮ್ಮ ಚಾವಣಿ ಮೇಲಿನ ಬ್ರಷ್ ಕೂದಲು ಕೇಬಲ್ ಆಯ್ತಲ್ಲ, ಹಾಗೆ.

ಬಣ್ಣದಲ್ಲಂತೂ ಇನ್ನೂ ಎಚ್ಚರ. ಗೊಂಬೆಗಳ ಮೈಬಣ್ಣವೇ ಅಲ್ಲಿ ಡೇಟಾ. ಸತ್ತ ಮೇಲೆ ರಕ್ತ ಕೆಳಭಾಗಕ್ಕೆ ಇಳಿದು ಚರ್ಮಕ್ಕೆ ಬಣ್ಣ ಬರುತ್ತೆ. ಅದು ಮೇಲ್ಭಾಗದಲ್ಲಿ ಕಂಡರೆ ಹೆಣವನ್ನ ಯಾರೋ ತಿರುಗಿಸಿದ್ದಾರೆ ಅಂತ ಅರ್ಥ. ಅಡುಗೆಮನೆ ಅನ್ನೋ ಮಾಡೆಲ್‌ನಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಬಿದ್ದಿದ್ದಾಳೆ. ಗ್ಯಾಸ್ ತೆರೆದಿದೆ, ಬಾಗಿಲ ಸಂದಿಗೆ ಪೇಪರ್ ತುರುಕಿದೆ, ಗೊಂಬೆಯ ಚರ್ಮ ಕೆಂಪಗಿದೆ. ಆ ಕಾಲದ ಅಡುಗೆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರ್ತಿತ್ತು. ಅದು ಹಿಮೋಗ್ಲೋಬಿನ್ ಜೊತೆ ಸೇರಿದಾಗ ರಕ್ತಕ್ಕೆ ಚೆರ್ರಿ ಹಣ್ಣಿನ ಕೆಂಪು ಬರುತ್ತೆ. ಫಸ್ಟ್ ಇಯರ್ ಕೆಮಿಸ್ಟ್ರಿ ಗೊತ್ತಿದ್ದವರಿಗೆ ಇಲ್ಲಿಗೆ ಉತ್ತರ ಸಿಕ್ಕ ಹಾಗೆ ಅನಿಸುತ್ತೆ. ಆದರೆ ಸಿಂಕಿನಲ್ಲಿ ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆ ಇದೆ. ಸಾಯೋಕೆ ಹೊರಟವರು ಆಲೂಗಡ್ಡೆ ಸುಲೀತಾ ಇರ್ತಾರಾ? ಗೊಂಬೆಯ ಬಣ್ಣ ಒಂದು ಶೇಡ್ ತಪ್ಪಿದ್ದರೂ, ಆಲೂಗಡ್ಡೆ ಒಂದು ಮುದ್ದೆ ತರಹ ಕಂಡಿದ್ದರೂ ಈ ಪ್ರಶ್ನೆಯೇ ಹುಟ್ಟಲ್ಲ.

1945ರಿಂದ ಪೊಲೀಸರಿಗೆ ಒಂದು ವಾರದ ಸೆಮಿನಾರ್‌ಗಳು ಶುರುವಾದವು. ಬಂದವರ ಕೈಗೆ ಒಂದು ಟಾರ್ಚು, ಒಂದು ಭೂತಗನ್ನಡಿ. ಎರಡು ಮಾಡೆಲ್ ನೋಡೋಕೆ 90 ನಿಮಿಷ. ಸಾಕ್ಷಿಗಳ ಹೇಳಿಕೆಯೂ ಜೊತೆಗೆ ಸಿಗ್ತಿತ್ತು, ಆದರೆ ಸಾಕ್ಷಿ ತಪ್ಪು ಹೇಳಿರಬಹುದು, ಸುಳ್ಳೂ ಹೇಳಿರಬಹುದು. ಅಂಚಿನಿಂದ ಶುರು ಮಾಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಾ ಮಧ್ಯಕ್ಕೆ ಬನ್ನಿ ಅಂತ ಫ್ರಾನ್ಸಿಸ್ ಹೇಳಿಕೊಡ್ತಿದ್ರು. ಮೊದಲು ಹೆಣ ನೋಡಿದರೆ ಮಿಕ್ಕಿದ್ದು ಕಣ್ಣಿಗೆ ಬೀಳೋದೇ ಇಲ್ಲ. ಕೊಲೆಗಾರನ ಹೆಸರು ಹೇಳಿ ಗೆಲ್ಲೋ ಆಟ ಇದಾಗಿರಲಿಲ್ಲ. ನೋಡೋದನ್ನ ಕಲಿಯೋದೇ ಇದರ ಉದ್ದೇಶ. ಕೊನೇ ದಿನ ಬೋಸ್ಟನ್ನಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಎಲ್ಲರಿಗೂ ಭರ್ಜರಿ ಊಟ ಹಾಕಿಸ್ತಿದ್ರು. 1943ರಲ್ಲಿ, ಅವರ 65ನೇ ವಯಸ್ಸಿನಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯ ಪೊಲೀಸ್ ಅವರಿಗೆ ಕ್ಯಾಪ್ಟನ್ ಪದವಿ ಕೊಟ್ಟಿತ್ತು. ಹಾಗಾಗಿ ಪೊಲೀಸರಿಗೆ ಅವರು ಕ್ಯಾಪ್ಟನ್ ಲೀ.

ನಮಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇನ್ನೊಂದು ವಿಷಯ. ಆ ಮಾಡೆಲ್‌ಗಳಲ್ಲಿ ಅರಮನೆ ಇಲ್ಲ. ಬಾಡಿಗೆ ರೂಮು, ಮರದ ಗುಡಿಸಲು, ಕೊಟ್ಟಿಗೆ, ಬಚ್ಚಲು, ಅಟ್ಟ. ಸತ್ತವರಲ್ಲಿ ಹೆಚ್ಚಿನವರು ಸಾಮಾನ್ಯ ಜನ, ಬಹಳಷ್ಟು ಹೆಂಗಸರು, ಅದೂ ತಮ್ಮದೇ ಮನೆಯೊಳಗೆ. ಇಂಥವರ ಸಾವನ್ನ ಬೇಗ ಬೇಗ ಬರೆದು ಫೈಲ್ ಮುಚ್ಚೋದು ಸುಲಭ. ಕಲ್ಲಿನ ಬಂಗಲೆಯಲ್ಲಿ ಬೆಳೆದ ಒಬ್ಬ ಶ್ರೀಮಂತ ಹೆಂಗಸು ಆ ಬಡ ಮನೆಗಳ ಪರದೆ, ಹಾಸಿಗೆ, ಡಬ್ಬಿಗಳನ್ನ ಒಂದೊಂದಾಗಿ ಕೈಯಾರೆ ಮಾಡಿದರು. ಇಲ್ಲಿ ಸತ್ತವರ ಬಗ್ಗೆಯೂ ಅಷ್ಟೇ ಸಮಯ ಕೊಟ್ಟು ನೋಡಿ ಅಂತ ಹೇಳಿದ ಹಾಗಿದೆ.

ಫ್ರಾನ್ಸಿಸ್ ತೀರಿಕೊಂಡಿದ್ದು 1962ರ ಜನವರಿ 27ರಂದು. ಕೆಲವೇ ವರ್ಷಗಳಲ್ಲಿ ಹಾರ್ವರ್ಡಿನ ಆ ಡಿಪಾರ್ಟ್‌ಮೆಂಟ್ ಮುಚ್ಚಿತು. ಮಾಡೆಲ್‌ಗಳು ಬಾಲ್ಟಿಮೋರ್‌ಗೆ, ಮೇರಿಲ್ಯಾಂಡ್ ರಾಜ್ಯದ ಮುಖ್ಯ ಮೆಡಿಕಲ್ ಎಕ್ಸಾಮಿನರ್ ಕಚೇರಿಗೆ ಬಂದವು. 18 ಮಾಡೆಲ್‌ಗಳು ಅಲ್ಲೇ ಇವೆ, ಸೆಮಿನಾರ್ ಅವರ ಹೆಸರಿನಲ್ಲೇ ನಡೀತಿದೆ. ಇವತ್ತಿಗೂ ಪಾಠಕ್ಕೆ ಬಳಸೋದರಿಂದ ಉತ್ತರಗಳನ್ನ ಗುಟ್ಟಾಗಿ ಇಟ್ಟಿದ್ದಾರೆ. 2017ರಲ್ಲಿ ವಾಷಿಂಗ್ಟನ್ನಿನ ರೆನ್‌ವಿಕ್ ಗ್ಯಾಲರಿಯಲ್ಲಿ ಪ್ರದರ್ಶನಕ್ಕೆ ಇಡುವಾಗ ಹಳೇ ಬಲ್ಬುಗಳ ಬಿಸಿಯಿಂದ ಮಾಡೆಲ್ ಹಾಳಾಗದೇ ಇರಲಿ ಅಂತ ಎಲ್‌ಇಡಿ ಹಾಕಿದರು.

ಸರಿ, ಈಗ ನಮ್ಮ ಶಾಪಿಂಗ್ ಲಿಸ್ಟ್. ಹೋದ ವರ್ಷ ಮೊದಲು ಸಾಮಾನು ಕೊಂಡು ಆಮೇಲೆ ಸ್ಕೇಲ್ ಬರೆದಿದ್ವಿ. ಈ ಸಲ ಮೊದಲು ಸ್ಕೇಲ್, ಆಮೇಲೆ ಸಾಮಾನು. ಒಂದು ಸ್ಟೀಲ್ ರೂಲರ್, ಒಂದು ವರ್ನಿಯರ್ ಕ್ಯಾಲಿಪರ್ (ಲ್ಯಾಬಿನದು, ಕೇಳಿ ತಗೊಂಡಿದ್ದು), ಕ್ರಾಫ್ಟ್ ನೈಫ್ ಮತ್ತು ಜಾಸ್ತಿ ಬ್ಲೇಡು, ಯಾಕಂದ್ರೆ ಮೊಂಡು ಬ್ಲೇಡಿಗೆ ಜೋರು ಹಾಕೋಕೆ ಹೋದಾಗಲೇ ಬೆರಳು ಕುಯ್ಯೋದು. ಒಂದು ಚಿಮಟ, ನೀಡಲ್ ಫೈಲ್ ಸೆಟ್, ಗುಂಡುಪಿನ್ನುಗಳು. ಬ್ರಷ್ ಆರು ಬೇಡ, ಒಳ್ಳೆಯವು ಎರಡು ಸಾಕು, ನಂಬರ್ 2 ಮತ್ತು ನಂಬರ್ 0. ಅತಿ ಸಣ್ಣ ಬ್ರಷ್ಷೇ ಬೇಕು ಅಂತ ನಾವು ಅನ್ಕೊಂಡಿದ್ವಿ, ಅದು ತಪ್ಪು. ತೀರಾ ಸಣ್ಣದರಲ್ಲಿ ಪೇಂಟ್ ನಿಲ್ಲಲ್ಲ, ಗೊಂಬೆ ಮುಟ್ಟೋ ಮೊದಲೇ ತುದಿಯಲ್ಲಿ ಒಣಗುತ್ತೆ. ಒದ್ದೆ ಮಾಡಿದಾಗ ತುದಿ ಸೂಜಿ ಹಾಗೆ ಕೂಡಿಕೊಳ್ಳುತ್ತಾ, ಕೂದಲು ಉದುರುತ್ತಾ ಅಂತ ನೋಡಿ ಕೊಳ್ಳಬೇಕು. ಗೋಂದಿಗೆ ಹಳೇ ಬ್ರಷ್. ಮತ್ತೆ ಒಂದು ಭೂತಗನ್ನಡಿ.

ಮುಂದಿನ ಎಕ್ಸ್‌ಪೋದಲ್ಲಿ ನಮ್ಮ ಸ್ಟಾಲಿಗೆ ಬನ್ನಿ. ಅದೇ ಮನೆ, ಈ ಸಲ 1:12ರಲ್ಲಿ. ಬರುವಾಗ ಒಂದು ಸ್ಕೇಲ್ ತನ್ನಿ, ಅಳೆದು ನೋಡಿ. ಪೈಪಿಂದ ಶುರು ಮಾಡಬೇಡಿ, ಅಂಚಿನಿಂದ ಸುತ್ತುತ್ತಾ ಬನ್ನಿ.