ಯೂನಿಕ್ಸ್ ನಿರ್ಮಾತೃ ಡೆನ್ನಿಸ್ ರಿಚಿ

ಕಳೆದ ವರ್ಷ ಶ್ರಾವಣದ ಒಂದು ಸಂಜೆ ನಾನು ನನ್ನ ಅಜ್ಜಿಯ 25 ಬೀಸುವ ಪದಗಳನ್ನು ಕೈಯಾರೆ ಅಳಿಸಿಹಾಕಿದೆನು. ಆ ಸಂಗತಿಯನ್ನು ಮೊದಲು ಹೇಳದೆ ಡೆನ್ನಿಸ್ ರಿಚಿಯ ಚರಿತ್ರೆಯನ್ನು ಬರೆಯುವುದು ನನಗೆ ಸರಿತೋರದು. ಏಕೆಂದರೆ ಆತನ ಹೆಸರು ನನ್ನ ಕಿವಿಗೆ ಮೊದಲು ಬಿದ್ದುದು ಆ ಸಂಜೆಯೇ.

ನಮ್ಮ ಕಾಲೇಜಿನ ಹಿಂಬದಿಯ ಕೊಠಡಿಯಲ್ಲಿರುವ ಹಳೆಯ ಗಣಕಯಂತ್ರಗಳಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಸಂಜೆಯ ಹೊತ್ತು ಕಲಾ ವಿಭಾಗದ ನಮ್ಮಂಥವರಿಗೂ ಅಲ್ಲಿ ಪ್ರವೇಶವುಂಟು. ಜಾನಪದದ ಕಿರುಪ್ರಬಂಧಕ್ಕಾಗಿ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ 41 ಪದಗಳನ್ನು ನಾನು ಮೂರು ತಿಂಗಳು ಅಲ್ಲಿ ಕುಳಿತು ಬೆರಳಚ್ಚು ಮಾಡಿ ‘ಪದ’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೆನು. ಮೊದಲ 16 ಪದಗಳಷ್ಟೇ ಇದ್ದ ಪ್ರತಿಯೊಂದು ‘ಪದ ಹಳೆಯದು’ ಎಂಬ ಹೆಸರಿನಲ್ಲಿತ್ತು. ಅದನ್ನು ತೆಗೆದುಹಾಕಲು ಒಂದು ಸಣ್ಣ ಸ್ಕ್ರಿಪ್ಟನ್ನು, ಎಂದರೆ ಆಜ್ಞೆಗಳ ಸರಮಾಲೆಯನ್ನು, ಬರೆದೆನು. ಫೋಲ್ಡರಿನ ಹೆಸರನ್ನು ಒಂದು ವೇರಿಯಬಲ್‌ನಲ್ಲಿಟ್ಟು, ಅದನ್ನು ಅಳಿಸುವಂತೆ ‘ಆರ್‌ಎಂ’ ಆಜ್ಞೆಯನ್ನು ಕೊಟ್ಟೆನು. ಹೆಸರಿನ ನಡುವೆ ತೆರಪು ಇದ್ದರೆ ಆ ವೇರಿಯಬಲ್ಲನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕೆಂಬುದು ನನಗೆ ಗೊತ್ತಿರಲಿಲ್ಲ. ಯಂತ್ರವು ಅದನ್ನು ಎರಡು ಹೆಸರುಗಳೆಂದು ತಿಳಿಯಿತು. ‘ಪದ’ವನ್ನು ಸದ್ದಿಲ್ಲದೆ ಅಳಿಸಿತು, ‘ಹಳೆಯದು’ ಎಂಬುದು ಎಲ್ಲಿಯೂ ಇಲ್ಲವೆಂದು ದೂರಿತು. ಬೇಡವೆಂದದ್ದು ಉಳಿಯಿತು, ಬೇಕಾದದ್ದು ಹೋಯಿತು. ಬರೆದುಕೊಂಡಿದ್ದ ಕಾಗದದ ಚೂರುಗಳನ್ನು ಬೆರಳಚ್ಚಾದ ಮೇಲೆ ನಾನೇ ಒಲೆಗೆ ಹಾಕಿದ್ದೆನು. ಅಜ್ಜಿಗೆ ಎಂಬತ್ತು ದಾಟಿದೆ.

ಅಂದು ಅಲ್ಲಿದ್ದ ಅಧ್ಯಾಪಕರು ನನ್ನನ್ನು ಗದರಲಿಲ್ಲ. ಈ ಯಂತ್ರ ಹೇಳಿದ್ದನ್ನು ಹೇಳಿದಂತೆಯೇ ಏಕೆ ಮಾಡುತ್ತದೆಂಬುದನ್ನು ತಿಳಿಯಬೇಕಾದರೆ ಇದರ ಅಚ್ಚನ್ನು ಮೊದಲು ಎರಕ ಹೊಯ್ದವರು ಯಾರೆಂದು ಓದಿಕೋ ಎಂದು ರಿಚಿಯ ಹೆಸರನ್ನು ಬರೆದುಕೊಟ್ಟರು.

ಡೆನ್ನಿಸ್ ರಿಚಿಯು 1941ನೆಯ ಇಸವಿ ಸೆಪ್ಟೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬ್ರಾಂಕ್ಸ್‌ವಿಲ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಅಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದಲ್ಲಿ ವಿಜ್ಞಾನಿ; ದೂರವಾಣಿಯ ಸ್ವಿಚ್ಚುಗಳ ರಚನೆಯನ್ನು ಕುರಿತ ಪುಸ್ತಕವೊಂದರ ಸಹಲೇಖಕ. ಮಗ ಬಾಲಕನಾಗಿದ್ದಾಗಲೇ ಸಂಸಾರವು ನ್ಯೂಜೆರ್ಸಿಯ ಸಮ್ಮಿಟ್ ಎಂಬ ಊರಿಗೆ ಬಂದಿತು. ಅಲ್ಲಿಯ ಪ್ರೌಢಶಾಲೆಯನ್ನು ಮುಗಿಸಿ ಡೆನ್ನಿಸನು ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ, 1963ರಲ್ಲಿ ಭೌತಶಾಸ್ತ್ರದಲ್ಲಿ ಪದವಿಯನ್ನು ಪಡೆದು, ಅನಂತರ ಅಲ್ಲಿಯೇ ಆನ್ವಯಿಕ ಗಣಿತದಲ್ಲಿ ಸಂಶೋಧನೆಗೆ ತೊಡಗಿದನು. ಭೌತಶಾಸ್ತ್ರಜ್ಞನಾಗುವಷ್ಟು ಬುದ್ಧಿ ತನಗಿಲ್ಲವೆಂದೂ, ಆಲ್ಗಾರಿದಮುಗಳ ಸಿದ್ಧಾಂತದಲ್ಲಿ ಪಂಡಿತನಾಗುವಷ್ಟು ಬುದ್ಧಿಯೂ ಇಲ್ಲವೆಂದೂ, ಆದುದರಿಂದ ಗಣಕಯಂತ್ರದ ಕಡೆಗೆ ಬಂದೆನೆಂದೂ ಆತನು ತನ್ನನ್ನೇ ಹಾಸ್ಯ ಮಾಡಿಕೊಂಡುದುಂಟು.

ಇಲ್ಲಿ ಒಂದು ವಿಚಿತ್ರ ಪ್ರಸಂಗ ಬರುತ್ತದೆ. 1968ರಲ್ಲಿ ಆತನ ಡಾಕ್ಟರೇಟ್ ಪ್ರಬಂಧ ಸಿದ್ಧವಾಗಿತ್ತು. ಪ್ರೋಗ್ರಾಮುಗಳ ರಚನೆಗೂ ಅವುಗಳ ಗಣನೆಯ ಜಟಿಲತೆಗೂ ಇರುವ ಸಂಬಂಧವೇ ಅದರ ವಸ್ತು. ಆದರೆ ರಟ್ಟು ಕಟ್ಟಿಸಿದ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಬೇಕೆಂಬ ನಿಯಮವಿದ್ದು, ಆ ವೆಚ್ಚವನ್ನು ತಾನೇಕೆ ಕೊಡಬೇಕೆಂದು ರಿಚಿಯು ಹಟ ಹಿಡಿದನೆಂದು ಆತನ ಸಹಪಾಠಿಯೊಬ್ಬರು ನೆನೆದಿದ್ದಾರೆ. ಅಂತೂ ಪ್ರತಿಯನ್ನು ಒಪ್ಪಿಸಲಿಲ್ಲ, ಪದವಿಯೂ ಬರಲಿಲ್ಲ. ಆತನ ನಿಧನಾನಂತರ ಮನೆಯವರಿಗೆ ಆ ಪ್ರಬಂಧ ದೊರೆತು, 2020ರಲ್ಲಿ ಕ್ಯಾಲಿಫೋರ್ನಿಯದ ಗಣಕಯಂತ್ರ ಇತಿಹಾಸದ ವಸ್ತುಸಂಗ್ರಹಾಲಯದವರು ಈ ಕಥೆಯನ್ನು ಬೆಳಕಿಗೆ ತಂದರು. ಜಗತ್ತು ಇದನ್ನು ಮಹಾಪುರುಷನ ಔದಾಸೀನ್ಯವೆಂದು ಮೆಚ್ಚಿಕೊಳ್ಳುತ್ತದೆ. ನನಗೆ ಮಾತ್ರ ಇದು ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನನ್ನ ತಂದೆ ಗಾರೆಯ ಕೆಲಸದವನು. ರುಜು ಹಾಕುವುದನ್ನು ಆತನಿಗೆ ಕಲಿಸಿದವನು ನಾನು. ನಮ್ಮ ಮನೆಯಲ್ಲಿ ರಟ್ಟು ಕಟ್ಟಿಸುವ ಹಣಕ್ಕಾಗಿ ಪದವಿಯನ್ನು ಬಿಟ್ಟವನನ್ನು ಯಾರೂ ಮೆಚ್ಚಲಾರರು. ಬೆಲ್ ಪ್ರಯೋಗಾಲಯದ ವಿಜ್ಞಾನಿಯ ಮಗನಿಗೆ ಅದು ಸಾಧ್ಯವಾಯಿತು. 1967ರಲ್ಲಿಯೇ ಆತನು ತಂದೆಯಿದ್ದ ಸಂಸ್ಥೆಯನ್ನು ಸೇರಿಯಾಗಿತ್ತು.

ಆ ಕಾಲದಲ್ಲಿ ಬೆಲ್ ಪ್ರಯೋಗಾಲಯವು ಎಂ.ಐ.ಟಿ. ಹಾಗೂ ಜನರಲ್ ಎಲೆಕ್ಟ್ರಿಕ್ ಕಂಪನಿಗಳೊಡನೆ ಕೂಡಿ ಮಲ್ಟಿಕ್ಸ್ ಎಂಬ ಬೃಹತ್ ವ್ಯವಸ್ಥೆಯನ್ನು ಕಟ್ಟುತ್ತಿತ್ತು. ಒಂದೇ ಯಂತ್ರವನ್ನು ಏಕಕಾಲಕ್ಕೆ ಅನೇಕರು ಬಳಸುವಂತೆ ಮಾಡುವುದು ಅದರ ಉದ್ದೇಶ. ಕೆಲಸ ಬೆಳೆಯಿತು, ವೆಚ್ಚ ಬೆಳೆಯಿತು, ಫಲ ಕಾಣಲಿಲ್ಲ. 1969ರಲ್ಲಿ ಬೆಲ್‌ನವರು ಅದರಿಂದ ಹಿಂದೆಗೆದರು. ಆದರೆ ಹಲವರು ಒಂದೇ ಯಂತ್ರದ ಸುತ್ತ ಕುಳಿತು ಕೆಲಸ ಮಾಡುವ ಆ ಸಹವಾಸದ ರುಚಿಯನ್ನು ಕಂಡ ರಿಚಿಗೂ ಆತನ ಗೆಳೆಯ ಕೆನ್ ಥಾಂಪ್ಸನ್ನನಿಗೂ ಅದನ್ನು ಬಿಡಲು ಮನಸ್ಸಾಗಲಿಲ್ಲ. ಆ ಬೇಸಗೆಯಲ್ಲಿ ಥಾಂಪ್ಸನ್ನನು ಮೂಲೆಯಲ್ಲಿ ಬಿದ್ದಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಹೊಸದೊಂದು ವ್ಯವಸ್ಥೆಯನ್ನು ಬರೆದನು, ರಿಚಿಯು ಜೊತೆಗೂಡಿದನು. ಅದೇ ಯೂನಿಕ್ಸ್. ಮಲ್ಟಿಕ್ಸಿನ ಹೆಸರನ್ನು ಅಣಕಿಸಿ ಈ ಹೆಸರನ್ನು ಸೂಚಿಸಿದವನು ಸಹೋದ್ಯೋಗಿ ಬ್ರಯನ್ ಕರ್ನಿಹಾನ್.

ಮುಂದೆ ದೊರೆತ ಪಿಡಿಪಿ-11 ಯಂತ್ರದ ನೆನಪಿನ ಶಕ್ತಿ 24 ಕಿಲೋಬೈಟ್. ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು 512 ಕಿಲೋಬೈಟ್. ಇಂದು ನಮ್ಮ ಜೇಬಿನ ಫೋನಿನಲ್ಲಿ ತೆಗೆದ ಒಂದು ಚಿತ್ರವೂ ಅದರಲ್ಲಿ ಹಿಡಿಯದು. ಅಷ್ಟರಲ್ಲಿಯೇ 1971ರಲ್ಲಿ ಸಂಸ್ಥೆಯ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು ತಮ್ಮ ಪತ್ರಗಳನ್ನು ಸಿದ್ಧಪಡಿಸುತ್ತಿದ್ದರು. ಪಕ್ಕದಲ್ಲಿಯೇ ಈ ಗೆಳೆಯರು ಹೊಸ ಪ್ರೋಗ್ರಾಮುಗಳನ್ನು ಪರೀಕ್ಷಿಸುತ್ತಿದ್ದರು. ಒಬ್ಬನ ತಪ್ಪು ಇನ್ನೊಬ್ಬನ ಕೆಲಸವನ್ನು ಕೆಡಿಸದಂತೆ ತಡೆಯುವ ಸೌಕರ್ಯ ಆ ಯಂತ್ರದಲ್ಲಿರಲಿಲ್ಲ. ಆದುದರಿಂದ ಹೊಸದನ್ನು ಚಲಾಯಿಸುವ ಮೊದಲು ಕೊಠಡಿಯಲ್ಲಿ ಕೂಗಿ ಎಲ್ಲರನ್ನೂ ಎಚ್ಚರಿಸುವ ರೂಢಿಯಿತ್ತಂತೆ. ಯೂನಿಕ್ಸ್ ಕಟ್ಟಿದವರೇ ಕೂಗಿ ಹೇಳಿ ಕೈಹಾಕುತ್ತಿದ್ದರೆಂಬುದನ್ನು ಓದಿದಾಗ, ಒಬ್ಬನೇ ಮೌನವಾಗಿ ಎಂಟರ್ ಒತ್ತಿದ ನನ್ನ ಸಂಜೆ ನೆನಪಾಗದಿರಲಿಲ್ಲ.

ಆಗ ಬಳಕೆಯಲ್ಲಿದ್ದ ಟೆಲಿಟೈಪು ಸೆಕೆಂಡಿಗೆ 10 ಅಕ್ಷರಗಳನ್ನಷ್ಟೇ ಅಚ್ಚಿಸುತ್ತಿತ್ತು. ಆಜ್ಞೆಗಳು ‘ಎಲ್‌ಎಸ್’, ‘ಸಿಪಿ’, ‘ಎಂವಿ’, ‘ಆರ್‌ಎಂ’ ಎಂದು ಎರಡೆರಡು ಅಕ್ಷರಕ್ಕೆ ಇಳಿದುದಕ್ಕೂ, ಕೆಲಸ ಸರಿಯಾದರೆ ಯಂತ್ರ ಏನನ್ನೂ ಹೇಳದೆ ಸುಮ್ಮನಿರುವುದಕ್ಕೂ ಇದು ಒಂದು ಕಾರಣ. ಮೌನಕ್ಕೆ ಮತ್ತೊಂದು ಪ್ರಯೋಜನವೂ ಉಂಟು. ಡಗ್ಲಸ್ ಮಕ್‌ಇಲ್ರಾಯ್ ಎಂಬ ಹಿರಿಯನ ಒತ್ತಾಯದಿಂದ 1973ರಲ್ಲಿ ಯೂನಿಕ್ಸಿಗೆ ‘ಪೈಪು’ ಬಂದಿತು. ಒಂದು ಆಜ್ಞೆಯ ಫಲಿತಾಂಶ ನೇರವಾಗಿ ಮುಂದಿನ ಆಜ್ಞೆಗೆ ಹರಿಯುತ್ತದೆ. ನಡುವೆ ಹರಟೆ ಸೇರಿದರೆ ಕೆಲಸ ಕೆಡುತ್ತದೆ. ಪದಗಳ ಸಾಲುಗಳನ್ನು ಒಡೆದು, ಅಕಾರಾದಿಯಾಗಿ ಜೋಡಿಸಿ, ಯಾವ ಮಾತು ಎಷ್ಟು ಬಾರಿ ಬಂದಿದೆಯೆಂದು ಎಣಿಸಲು ನನಗೆ ಪೈಪುಗಳಿಂದ ಹೊಲಿದ ಒಂದೇ ಸಾಲು ಸಾಕಾಯಿತು. ಕೈಯಲ್ಲಿ ಎಣಿಸಿದ್ದರೆ ಒಂದು ವಾರ ಹಿಡಿಯುತ್ತಿತ್ತು.

ಈ ಆಜ್ಞೆಗಳನ್ನು ನಮ್ಮಿಂದ ಕೇಳಿ ಯಂತ್ರಕ್ಕೆ ತಿಳಿಸುವ ದ್ವಾರಪಾಲಕನೇ ‘ಶೆಲ್’. ಮೊದಲ ಶೆಲ್ಲನ್ನು ಬರೆದವನು ಥಾಂಪ್ಸನ್. 1979ರ ಏಳನೆಯ ಆವೃತ್ತಿಯೊಡನೆ ಬಂದ ಶೆಲ್ ಸ್ಟೀವ್ ಬೌರ್ನ್‌ನದು. ಶೆಲ್ ವ್ಯವಸ್ಥೆಯ ಹೊಟ್ಟೆಯೊಳಗಿನ ಅಂಗವಲ್ಲ, ಎಲ್ಲ ಪ್ರೋಗ್ರಾಮುಗಳಂತೆ ಅದೂ ಒಂದು, ಬೇಡವಾದರೆ ಬದಲಾಯಿಸಬಹುದು. ರಿಚಿಯ ಮುಖ್ಯವಾದ ಕಾಣಿಕೆ ಇನ್ನೊಂದು ಕಡೆಗಿದೆ. ಥಾಂಪ್ಸನ್ನನ ‘ಬಿ’ ಭಾಷೆಯಿಂದ ಆತನು ‘ಸಿ’ ಭಾಷೆಯನ್ನು ರೂಪಿಸಿದನು. 1973ರಲ್ಲಿ ಯೂನಿಕ್ಸನ್ನೇ ಆ ಭಾಷೆಯಲ್ಲಿ ತಿರುಗಿ ಬರೆಯಲಾಯಿತು. ಅದರಿಂದಾಗಿ ಯೂನಿಕ್ಸ್ ಒಂದು ಯಂತ್ರದ ಬಂಧನದಿಂದ ಪಾರಾಗಿ ಯಂತ್ರದಿಂದ ಯಂತ್ರಕ್ಕೆ ದಾಟಿತು. 1978ರಲ್ಲಿ ಕರ್ನಿಹಾನನೊಡನೆ ಆತನು ಬರೆದ ಸಿ ಭಾಷೆಯ ಪುಸ್ತಕವನ್ನು ವಿಜ್ಞಾನ ವಿಭಾಗದ ಮಿತ್ರರು ನನಗಿಂತ ಚೆನ್ನಾಗಿ ಬಲ್ಲರು. ಅದನ್ನು ಕುರಿತು ನಾನು ಹೆಚ್ಚು ಹೇಳಹೊರಡುವುದು ಅಧಿಕಪ್ರಸಂಗವಾದೀತು.

ನನ್ನ ಮನಸ್ಸನ್ನು ಹಿಡಿದುದು ಬೇರೆ ಪುಸ್ತಕ. ಥಾಂಪ್ಸನ್ ಮತ್ತು ರಿಚಿ ಕೂಡಿ ಬರೆದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯು 1971ರ ನವೆಂಬರ್ 3ರಂದು ಹೊರಟಿತು. ಒಂದೊಂದು ಆಜ್ಞೆಗೆ ಒಂದೊಂದು ಪುಟ: ಹೆಸರು, ಬಳಸುವ ಬಗೆ, ವಿವರಣೆ, ಕಡೆಯಲ್ಲಿ ಆ ಆಜ್ಞೆಯಲ್ಲಿರುವ ದೋಷಗಳು. ತಾನು ಮಾಡಿದ ವಸ್ತುವಿನ ಕುಂದನ್ನು ಅದರ ಪುಟದಲ್ಲಿಯೇ ಅಚ್ಚು ಹಾಕಿಸುವ ಕುಶಲಕರ್ಮಿಗಳು ಎಷ್ಟು ಮಂದಿ ಇದ್ದಾರೆ? ನಮ್ಮೂರಿನ ಸಂತೆಯಲ್ಲಂತೂ ನಾನು ಕಂಡಿಲ್ಲ. ಇಂದಿಗೂ ‘ಮ್ಯಾನ್’ ಎಂದು ಬರೆದು ಮುಂದೆ ಆಜ್ಞೆಯ ಹೆಸರನ್ನು ಕೊಟ್ಟರೆ ಅದೇ ಮಾದರಿಯ ಪುಟ ತೆರೆಯುತ್ತದೆ. ಅಳಿಸುವ ಮೊದಲು ಪ್ರತಿಯೊಂದಕ್ಕೂ ಅಪ್ಪಣೆ ಕೇಳುವಂತೆ ‘ಆರ್‌ಎಂ’ಗೆ ಹೇಳಬಹುದೆಂಬುದು ಅಲ್ಲಿಯೇ ಬರೆದಿತ್ತು. ನಾನು ಓದಿರಲಿಲ್ಲ.

ಅದೇ ಪ್ರಾಮಾಣಿಕತೆ ರಿಚಿಯ ಇನ್ನೊಂದು ಬರಹದಲ್ಲಿ ಕಾಣುತ್ತದೆ. ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ ಯೂನಿಕ್ಸಿನ ಭದ್ರತೆಯನ್ನು ಕುರಿತು ಆತನ ಚಿಕ್ಕ ಲೇಖನವೊಂದಿದೆ. ಭದ್ರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವ್ಯವಸ್ಥೆಯನ್ನು ಕಟ್ಟಲಿಲ್ಲವೆಂದು ಆತನು ಮೊದಲಿಗೇ ಒಪ್ಪಿಕೊಳ್ಳುತ್ತಾನೆ. ಒಂದು ಫೋಲ್ಡರನ್ನು ಸೃಷ್ಟಿಸಿ ಅದರೊಳಕ್ಕೆ ಹೋಗು, ಮತ್ತೆ ಸೃಷ್ಟಿಸಿ ಮತ್ತೆ ಒಳಕ್ಕೆ ಹೋಗು ಎಂದು ಕೊನೆಯಿಲ್ಲದೆ ಸುತ್ತುವ ಶೆಲ್ ಸ್ಕ್ರಿಪ್ಟು ಇಡೀ ಯಂತ್ರವನ್ನು ಕೆಡವಬಲ್ಲುದೆಂದು ತೋರಿಸಿಕೊಡುತ್ತಾನೆ. ಆದರೆ ಕುಂದನ್ನು ಹೇಳಿ ಕೈತೊಳೆದುಕೊಂಡವನಲ್ಲ. ಸಾಮಾನ್ಯ ಬಳಕೆದಾರನು ಗುಪ್ತಪದಗಳ ಕಡತವನ್ನು ಮುಟ್ಟುವಂತಿಲ್ಲ; ಆದರೂ ತನ್ನ ಗುಪ್ತಪದವನ್ನು ಬದಲಾಯಿಸಬೇಕು. ಇದಕ್ಕೆ ರಿಚಿಯು ಕಂಡುಹಿಡಿದ ಉಪಾಯ ‘ಸೆಟ್‌ಯುಐಡಿ’. ಬ್ಯಾಂಕಿನ ಗಿರಾಕಿ ಖಜಾನೆಯೊಳಕ್ಕೆ ಹೋಗುವುದಿಲ್ಲ. ಕಟಕಟೆಯಲ್ಲಿರುವ ಗುಮಾಸ್ತನು ಗಿರಾಕಿಯ ಪರವಾಗಿ ಆ ಒಂದು ಕೆಲಸವನ್ನಷ್ಟೇ ಮಾಡಿ ಬರುತ್ತಾನೆ. ಹಾಗೆಯೇ, ನಂಬಿಕಸ್ತ ಪ್ರೋಗ್ರಾಮೊಂದು ಒಡೆಯನ ಅಧಿಕಾರವನ್ನು ಆ ಕ್ಷಣಕ್ಕೆ ಧರಿಸುತ್ತದೆ. 1973ರಲ್ಲಿ ಅರ್ಜಿ ಹಾಕಿ 1979ರಲ್ಲಿ ಪಡೆದ ಈ ಪೇಟೆಂಟನ್ನು ಆಮೇಲೆ ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು. ಇಷ್ಟೆಲ್ಲ ಮಾಡಿದವನ ಸ್ವಂತ ಗುಪ್ತಪದವು, ಹಳೆಯ ಕಡತವೊಂದನ್ನು ಈಚೆಗೆ ಬಿಡಿಸಿ ನೋಡಿದಾಗ, ಕೇವಲ ನಾಲ್ಕು ಅಕ್ಷರಗಳದ್ದೆಂದು ತಿಳಿದುಬಂತು! ಓದಿ ನಾನು ನಕ್ಕೆನು. ಸ್ವಲ್ಪ ಸಮಾಧಾನವೂ ಆಯಿತು.

ಯೂನಿಕ್ಸ್ ಬೆಲ್ ಸಂಸ್ಥೆಯ ಸ್ವತ್ತು. ಮೊದಲು ವಿಶ್ವವಿದ್ಯಾನಿಲಯಗಳಿಗೆ ಅಲ್ಪ ಶುಲ್ಕಕ್ಕೆ ಮೂಲ ಬರಹವನ್ನು ಕೊಡುತ್ತಿದ್ದರು. ಅದನ್ನು ಓದಿ ಒಂದು ಪೀಳಿಗೆಯೇ ಕಲಿಯಿತು. 1984ರ ಬಳಿಕ ಅದು ವ್ಯಾಪಾರವಾಗಿ ಬಿಗಿಯಾಯಿತು. ಅಷ್ಟರಲ್ಲಿ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದ್ದನು. 1989ರಲ್ಲಿ ಅದರ ‘ಬ್ಯಾಷ್’ ಶೆಲ್ಲೂ, 1991ರಲ್ಲಿ ಲೈನಸ್ ಟೊರ್ವಾಲ್ಡ್ಸನ ಲಿನಕ್ಸೂ ಬಂದವು. ನಮ್ಮ ಕೊಠಡಿಯ ಯಂತ್ರದಲ್ಲಿರುವುದು ರಿಚಿ ಬರೆದ ಸಾಲುಗಳಲ್ಲ, ಆತನ ಅಚ್ಚಿನಲ್ಲಿ ಬೇರೆಯವರು ಹೊಸದಾಗಿ ಎರೆದದ್ದು. ‘ಶೆಲ್‌ಚೆಕ್’ ಎಂಬ ಮುಕ್ತ ಉಪಕರಣವೊಂದಿದೆ. ನನ್ನ ಆ ಸ್ಕ್ರಿಪ್ಟನ್ನು ಅದಕ್ಕೆ ಒಪ್ಪಿಸಿದಾಗ ಉದ್ಧರಣ ಚಿಹ್ನೆ ಇಲ್ಲದ ಜಾಗವನ್ನು ಕ್ಷಣಾರ್ಧದಲ್ಲಿ ಬೆರಳಿಟ್ಟು ತೋರಿಸಿತು. ‘ಆರ್‌ಎಂ’ ಇದ್ದಲ್ಲಿ ಮೊದಲು ‘ಎಲ್‌ಎಸ್’ ಇಟ್ಟು ನೋಡಿದ್ದರೂ ಸಾಕಿತ್ತು. ಯಾವುದು ಹೋಗಲಿದೆಯೆಂಬುದು ಪರದೆಯ ಮೇಲೆ ಬರುತ್ತಿತ್ತು. ಈಗ ನಾನು ಹೊಸ ಸ್ಕ್ರಿಪ್ಟನ್ನು ಯಂತ್ರದೊಳಗೆ ಸೃಷ್ಟಿಸಿದ ಕಲ್ಪಿತ ಯಂತ್ರವೊಂದರಲ್ಲಿ, ನಕಲು ಕಡತಗಳ ಮೇಲೆ, ಸಾಮಾನ್ಯ ಬಳಕೆದಾರನಾಗಿಯೇ ಓಡಿಸಿ ನೋಡುತ್ತೇನೆ. ‘ರೂಟ್’ ಎಂಬ ಸರ್ವಾಧಿಕಾರಿಯ ವೇಷವನ್ನು ಹಾಕುವುದಿಲ್ಲ.

ರಿಚಿಯು ಮಿತಭಾಷಿ. ಮದುವೆಯಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಚೇರಿಗೆ ಬಂದು ರಾತ್ರಿ ಬಹಳ ಹೊತ್ತು ಕೆಲಸ ಮಾಡುವುದು ಆತನ ಅಭ್ಯಾಸ. 1983ರಲ್ಲಿ ಥಾಂಪ್ಸನ್ನನೊಡನೆ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಆಮೇಲೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ. ನಾಲ್ವತ್ತು ವರ್ಷ ಒಂದೇ ಪ್ರಯೋಗಾಲಯದಲ್ಲಿ ದುಡಿದು 2007ರಲ್ಲಿ ನಿವೃತ್ತನಾದನು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನಲ್ಲಿ, ಒಬ್ಬನೇ ವಾಸಿಸುತ್ತಿದ್ದ ಮನೆಯಲ್ಲಿ, ಆತನು ಮೃತನಾಗಿರುವುದು ಕಂಡುಬಂತು. ಒಂದು ವಾರದ ಹಿಂದೆ, ಅಕ್ಟೋಬರ್ 5ರಂದು, ಸ್ಟೀವ್ ಜಾಬ್ಸ್ ತೀರಿಕೊಂಡಿದ್ದನು. ಆ ಶೋಕದ ಗದ್ದಲದಲ್ಲಿ ಈ ಸುದ್ದಿ ಬಹು ಮಂದಿಗೆ ಕೇಳಿಸಲಿಲ್ಲ. ಜಾಬ್ಸನ ಯಂತ್ರಗಳೂ ಯೂನಿಕ್ಸಿನ ತಳಹದಿಯ ಮೇಲೆಯೇ ನಿಂತಿದ್ದವು.

ದೀಪಾವಳಿಯ ರಜೆಯಲ್ಲಿ ನಾನು ಊರಿಗೆ ಹೋಗಿ ಅಜ್ಜಿಯ ಎದುರು ಮತ್ತೆ ಕುಳಿತೆನು. ನಡೆದುದನ್ನು ಹೇಳಿದಾಗ ಅವಳಿಗೆ ಪೂರ್ತಿಯಾಗಿ ಅರ್ಥವಾಗಲಿಲ್ಲ. ಬೀಸುವ ಕಲ್ಲಿಲ್ಲದೆ ಪದ ಬರುವುದಿಲ್ಲವೆಂದು ಮಾತ್ರ ಹೇಳಿದಳು. ನೆರೆಮನೆಯ ಹಿತ್ತಲಲ್ಲಿದ್ದ ಕಲ್ಲನ್ನು ಹೊರಿಸಿ ತಂದೆವು. ನಾಲ್ಕು ದಿನಗಳಲ್ಲಿ 19 ಪದಗಳು ಮರಳಿ ಬಂದವು. ಉಳಿದ 6 ಅವಳಿಗೂ ನೆನಪಿಲ್ಲ. ‘ಪದ ಹಳೆಯದು’ ಎಂಬ ಹೆಸರಿನ ನಡುವಿದ್ದ ತೆರಪಿನಲ್ಲಿ ಒಂದು ಅಡಿಗೆರೆಯನ್ನು ಹಾಕಿದ್ದೇನೆ. ಆ ಫೋಲ್ಡರನ್ನು ಇನ್ನೂ ಅಳಿಸಿಲ್ಲ.